‘ಒಳ್ಳೆಮೆಣಸಿ’ಗೆ ಆ ‘ಒಳ್ಳೆ’ ಬಂದದ್ದು ಹೇಗೆ?

ಮದುವೆಯಾಗಿ ಪುತ್ತೂರಿನ ಮನೆಗೆ ಬಂದ ಮೊದಲ ವಾರ. ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿ ಹೇಳಿದರು: “ಸಾಂಬಾರಿಗೆ ಹತ್ತು ಮೆಣಸು ಹುರಿದಿಡು.” ಮೈಸೂರಿನಲ್ಲಿ ಬೆಳೆದ ನನಗೆ ಮೆಣಸು ಅಂದರೆ ಕಪ್ಪಗೆ, ಗುಂಡಗೆ, ಶೀತವಾದಾಗ ಅಮ್ಮ ಮಾಡುತ್ತಿದ್ದ ಮೆಣಸಿನ ಸಾರಿಗೆ ಬೀಳುತ್ತಿದ್ದ ಕಾಳು. ಹತ್ತು ಕಾಳು ಎಣಿಸಿ ಹುರಿದಿಟ್ಟೆ. ಒಳಗೆ ಬಂದ ಅತ್ತೆ ಬಾಣಲೆ ನೋಡಿ, “ಇದು ಒಳ್ಳೆಮೆಣಸಲ್ವಾ? ನಾನು ಹೇಳಿದ್ದು ಮೆಣಸು” ಎಂದು ಡಬ್ಬಿಯಿಂದ ಉದ್ದುದ್ದ ಕೆಂಪು ಮೆಣಸಿನಕಾಯಿ ತೆಗೆದರು.

ಅಂದು ನನ್ನ ತಲೆಯಲ್ಲಿ ಉಳಿದದ್ದು ಆ ‘ಒಳ್ಳೆ’ ಎಂಬ ಪದ. ಒಂದು ಮೆಣಸು ಒಳ್ಳೆಯದಾದರೆ ಇನ್ನೊಂದು ಏನು? ಘಟ್ಟದ ಮೇಲೆ ಬರೀ ‘ಮೆಣಸು’ ಆಗಿರುವ ಕಾಳಿಗೆ ಘಟ್ಟದ ಕೆಳಗೆ ವಿಶೇಷಣ ಯಾಕೆ ಬೇಕಾಯಿತು? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಸಿಗುವುದು ಬರೀ ಕನ್ನಡದ ಕಥೆಯಲ್ಲ. ಸ್ಪೇನು, ಬ್ರೆಜಿಲ್, ಹಂಗೆರಿಗಳಲ್ಲೂ ಇದೇ ಗೊಂದಲ ಆಗಿದೆ. ಇಂಗ್ಲಿಷಿನ ‘ಪೆಪ್ಪರ್’ ಎಂಬ ಒಂದು ಪದವನ್ನು ಇಟ್ಟುಕೊಂಡು ಅಂಗಡಿಗೆ ಹೋದರೆ ಕರಿಮೆಣಸೂ ಸಿಗಬಹುದು, ದೊಣ್ಣೆ ಮೆಣಸಿನಕಾಯಿಯೂ ಸಿಗಬಹುದು.

ಮೊದಲಿಗೆ ಗಿಡಗಳನ್ನು ಬೇರೆಬೇರೆ ಮಾಡಿಕೊಳ್ಳೋಣ. ಕಾಳುಮೆಣಸು ಮರಕ್ಕೆ ಹಬ್ಬಿ ವರ್ಷಾನುಗಟ್ಟಲೆ ಬಾಳುವ ಬಳ್ಳಿ. ಶಾಸ್ತ್ರೀಯ ಹೆಸರು ಪೈಪರ್ ನೈಗ್ರಮ್. ಇದರ ಹತ್ತಿರದ ನೆಂಟ ನಮ್ಮ ವೀಳ್ಯದೆಲೆ. ಎರಡರ ಎಲೆಯನ್ನೂ ಪಕ್ಕದಲ್ಲಿಟ್ಟು ನೋಡಿದರೆ ಹೇಳಿಕೊಡುವುದೇ ಬೇಡ. ಮೆಣಸಿನಕಾಯಿಯಾದರೋ ಬದನೆ, ಟೊಮೆಟೊ, ಆಲೂಗಡ್ಡೆಗಳ ಕುಟುಂಬಕ್ಕೆ ಸೇರಿದ ಗಿಡ, ಕ್ಯಾಪ್ಸಿಕಮ್. ಒಂದರ ತವರು ಪಶ್ಚಿಮಘಟ್ಟ, ಇನ್ನೊಂದರ ತವರು ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕ. ಇವೆರಡನ್ನೂ ಒಂದೇ ಹೆಸರಿನಡಿ ತಂದದ್ದು ನಾಲಿಗೆಯ ಮೇಲಿನ ಉರಿ ಮಾತ್ರ.

ಹೆಸರು ಹೊಸಬನ ಪಾಲಾಯಿತು

ಸುಮಾರು 500 ವರ್ಷಗಳ ಹಿಂದಿನವರೆಗೆ ಇಡೀ ಭಾರತದಲ್ಲಿ ಒಂದೇ ಒಂದು ಮೆಣಸಿನಕಾಯಿಯೂ ಇರಲಿಲ್ಲ. ನಾವು ‘ಆಂಧ್ರದ ಖಾರ’, ‘ಉತ್ತರ ಕರ್ನಾಟಕದ ರಂಜಕ’ ಎಂದೆಲ್ಲ ಹೇಳುವಾಗ ಇದನ್ನು ನಂಬುವುದೇ ಕಷ್ಟ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆಯ ದೊಡ್ಡ ಭಾಗವೇ ಇದೆ. ಅಲ್ಲಿ ಇಡ್ಲಿಯ ಪೂರ್ವಜ ‘ಇಡ್ಡರಿಕಾ’ಕ್ಕೆ ಬೀಳುವುದು ಕಾಳುಮೆಣಸು, ಜೀರಿಗೆ, ಇಂಗು. ಖಾರ ಬೇಕೆಂದರೆ ಆಗ ಇದ್ದದ್ದು ಕಾಳುಮೆಣಸು, ಹಿಪ್ಪಲಿ, ಶುಂಠಿ, ಸಾಸಿವೆ, ಅಷ್ಟೇ.

1492ರಲ್ಲಿ ಕೊಲಂಬಸ್ ಹೊರಟದ್ದು ಭಾರತದ ಸಂಬಾರ ಪದಾರ್ಥಗಳಿಗೆ ಪಶ್ಚಿಮದಿಂದ ದಾರಿ ಹುಡುಕಲು. ಕೆರಿಬಿಯನ್ ದ್ವೀಪಗಳಲ್ಲಿ ಇಳಿದಾಗ ಅಲ್ಲಿನವರು ‘ಅಹೀ’ ಎಂದು ಕರೆಯುತ್ತಿದ್ದ ಉರಿಯುವ ಕಾಯೊಂದು ಸಿಕ್ಕಿತು. ಇದೇ ಅವರ ಮೆಣಸು, ನಮ್ಮ ಮೆಣಸಿಗಿಂತ ಬೆಲೆಯುಳ್ಳದ್ದು ಎಂಬರ್ಥದಲ್ಲಿ ಅವನು 1493ರ ಜನವರಿಯ ದಿನಚರಿಯಲ್ಲಿ ಬರೆದುಕೊಂಡ. ಹುಡುಕಿ ಹೊರಟ ವಸ್ತುವಿನ ಹೆಸರನ್ನೇ ಸಿಕ್ಕಿದ ವಸ್ತುವಿಗೆ ಇಟ್ಟದ್ದು ಹೀಗೆ. ಸ್ಪ್ಯಾನಿಷ್ ಭಾಷೆಯಲ್ಲಿ ಕಾಳುಮೆಣಸು ‘ಪಿಮಿಯೆಂತಾ’, ಸ್ತ್ರೀಲಿಂಗ. ಅದನ್ನೇ ಪುಲ್ಲಿಂಗಕ್ಕೆ ತಿರುಗಿಸಿದರೆ ‘ಪಿಮಿಯೆಂತೊ’, ಮೆಣಸಿನಕಾಯಿ. ಮೆಕ್ಸಿಕೊದ ನಾವಾಟ್ಲ್ ಭಾಷೆಯ ‘ಚಿಲ್ಲಿ’ ಎಂಬ ಹೆಸರೂ ಜೊತೆಗೇ ಯುರೋಪಿಗೆ ಬಂತು. ಆದರೆ ‘ಪೆಪ್ಪರ್’ ಹಿಂದೆ ಸರಿಯಲಿಲ್ಲ.

ಪೋರ್ಚುಗೀಸರ ಹಡಗುಗಳಲ್ಲಿ ಮೆಣಸಿನಕಾಯಿ 16ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದಾಗ ನಮ್ಮವರು ಮಾಡಿದ್ದೂ ಅದನ್ನೇ. ಖಾರವಿದೆ, ಹಾಗಾದರೆ ಇದು ಮೆಣಸು. ಆದರೆ ಕಾಳಲ್ಲ, ಕಾಯಿ. ಆದ್ದರಿಂದ ಮೆಣಸಿನ-ಕಾಯಿ. ತಮಿಳಿನ ಮಿಳಗು ‘ಮಿಳಗಾಯ್’ ಆದದ್ದು, ತೆಲುಗಿನ ಮಿರಿಯಾಲು ಇರುವಲ್ಲಿ ‘ಮಿರಪಕಾಯ’ ಹುಟ್ಟಿದ್ದು, ಕೊಂಕಣಿಯ ಮಿರಿಯಿಂದ ‘ಮಿರ್ಸಾಂಗ’ ಬಂದದ್ದು ಎಲ್ಲ ಇದೇ ದಾರಿಯಲ್ಲಿ. ಒಬ್ಬರನ್ನೊಬ್ಬರು ಕೇಳಿಕೊಂಡು ಇಟ್ಟ ಹೆಸರುಗಳಲ್ಲ ಇವು. ಹೊಸದೊಂದು ಬಂದಾಗ ಹಳೆಯದರ ಹೆಸರಿಗೆ ಬಾಲ ಅಂಟಿಸಿ ಕರೆಯುವುದು ಎಲ್ಲ ಅಡುಗೆಮನೆಗಳ ಸಹಜ ರೀತಿ.

ಮುಂದಿನದು ನನಗೆ ಹೆಚ್ಚು ಇಷ್ಟವಾದ ಘಟ್ಟ. ಮೆಣಸಿನಕಾಯಿಯನ್ನು ಹಿತ್ತಿಲಲ್ಲೇ ಬೆಳೆಯಬಹುದು, ನಾಲ್ಕಾರು ತಿಂಗಳಲ್ಲಿ ಕಾಯಿ ಕೊಡುತ್ತದೆ, ಬಯಲುಸೀಮೆಗೂ ಒಗ್ಗುತ್ತದೆ. ಕಾಳುಮೆಣಸಿಗೆ ಮಳೆ ಬೇಕು, ನೆರಳು ಬೇಕು, ಹಬ್ಬಲು ಮರ ಬೇಕು, ಫಸಲಿಗೆ ಮೂರ್ನಾಲ್ಕು ವರ್ಷ ಕಾಯಬೇಕು. ಜೊತೆಗೆ ಅದು ಮಾರಿದರೆ ಹಣ ತರುವ ಸರಕು. ದಿನನಿತ್ಯದ ಅಡುಗೆಯಲ್ಲಿ ಕಾಯಿ ಗೆದ್ದಿತು. ಕರಾವಳಿಯಲ್ಲಿ ಅದರ ಬಳಕೆ ಎಷ್ಟಾಯಿತೆಂದರೆ, ಬಾಲ ಉದುರಿ ಅದೇ ಬರೀ ‘ಮೆಣಸು’ ಆಯಿತು: ಹಸಿಮೆಣಸು, ಒಣಮೆಣಸು, ಕೆಂಪುಮೆಣಸು. ಈಗ ಹಳೆಯ ಯಜಮಾನನಿಗೇ ಗುರುತಿನ ಚೀಟಿ ಬೇಕು. ಕರಾವಳಿಯ ಕನ್ನಡದಲ್ಲಿ ಅದು ‘ಒಳ್ಳೆಮೆಣಸು’ ಆಯಿತು, ತುಳುವಿನಲ್ಲಿ ‘ಎಡ್ಡೆಮುಂಚಿ’, ಕೊಡವರಲ್ಲಿ ‘ನಲ್ಲಮಳು’, ಮಲಯಾಳದಲ್ಲಿ ‘ನಲ್ಲಮುಳಕು’. ಎಡ್ಡೆ, ನಲ್ಲ, ಒಳ್ಳೆ, ಮೂರಕ್ಕೂ ಅರ್ಥ ಒಂದೇ. ನಾಲ್ಕು ಭಾಷೆಗಳು ಒಂದೇ ವಿಶೇಷಣವನ್ನು ಆರಿಸಿಕೊಂಡಿವೆ. ಕೊಡವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಣ್ಣ ಗಾಂಧಾರಿ ಮೆಣಸನ್ನು ‘ಪರಂಗಿ ಮಳು’ ಎನ್ನುತ್ತಾರೆ, ಅಂದರೆ ಪರಂಗಿಯವರ ಮೆಣಸು. ಅದು ಎಲ್ಲಿಂದ ಬಂತೆಂಬುದನ್ನು ಹೆಸರಿನಲ್ಲೇ ಕಟ್ಟಿಟ್ಟಿದ್ದಾರೆ.

ಮೈಸೂರು ಕಡೆಯಲ್ಲಿ ‘ಕಾಯಿ’ ಉದುರಲಿಲ್ಲ. ಹಾಗಾಗಿ ಕಾಳು ತನ್ನ ಹೆಸರನ್ನು ಉಳಿಸಿಕೊಂಡಿತು. ನಾನೂ ಅತ್ತೆಯೂ ಆಡಿದ ಎರಡು ‘ಮೆಣಸು’ಗಳ ನಡುವೆ ಇದ್ದದ್ದು ಇಷ್ಟೇ ವ್ಯತ್ಯಾಸ.

ಇದರ ಕನ್ನಡಿಬಿಂಬ ಬ್ರೆಜಿಲಿನಲ್ಲಿದೆ. ಅಲ್ಲಿ ಮೆಣಸಿನಕಾಯಿ ಮನೆಯದು, ಕಾಳುಮೆಣಸು ಪೋರ್ಚುಗಲ್ ರಾಜ್ಯದಿಂದ ಹಡಗಿನಲ್ಲಿ ಬಂದದ್ದು. ಆದ್ದರಿಂದ ಅವರು ಕಾಳುಮೆಣಸನ್ನು ‘ಪಿಮೆಂತಾ ದೊ ರೇನೊ’, ಅಂದರೆ ರಾಜ್ಯದ ಮೆಣಸು, ಎಂದು ಇಂದಿಗೂ ಕರೆಯುತ್ತಾರೆ.

‘ಪೆಪ್ಪರ್’ ಎಂಬ ಪದವೂ ಮೂಲದಲ್ಲಿ ಕಾಳುಮೆಣಸಿನದಲ್ಲ ಎಂಬುದು ಈ ಕಥೆಯ ಇನ್ನೊಂದು ಸುರುಳಿ. ಸಂಸ್ಕೃತದ ‘ಪಿಪ್ಪಲೀ’ ಗ್ರೀಕರಲ್ಲಿ ‘ಪೆಪೆರಿ’, ಲ್ಯಾಟಿನ್ನಿನಲ್ಲಿ ‘ಪೈಪರ್’ ಆಯಿತು. ಪಿಪ್ಪಲೀ ಎಂದರೆ ನಮ್ಮ ಹಿಪ್ಪಲಿ, ಬೆರಳಿನ ಗೆಣ್ಣಿನಷ್ಟು ಉದ್ದದ, ಒರಟಾದ ಕಂದು ತೆನೆ. ರೋಮಿನ ಲೇಖಕ ಪ್ಲಿನಿ ಕ್ರಿ.ಶ. ಮೊದಲ ಶತಮಾನದಲ್ಲಿ ಕೊಟ್ಟ ದರಪಟ್ಟಿಯಲ್ಲಿ ಪೌಂಡಿಗೆ ಹಿಪ್ಪಲಿ 15 ದೆನಾರಿ (ರೋಮಿನ ಬೆಳ್ಳಿ ನಾಣ್ಯ), ಬಿಳಿಮೆಣಸು 7, ಕರಿಮೆಣಸು 4. ಮೂರೂ ಒಂದೇ ಗಿಡದಲ್ಲಿ ಆಗುತ್ತವೆ, ಬೇಗ ಕಿತ್ತರೆ ಹಿಪ್ಪಲಿ ಎಂದು ಅವನು ನಂಬಿದ್ದ. ಬಿಳಿ ಮತ್ತು ಕರಿಯ ವಿಷಯದಲ್ಲಿ ಸರಿ, ಹಿಪ್ಪಲಿಯ ವಿಷಯದಲ್ಲಿ ತಪ್ಪು; ಹಿಪ್ಪಲಿ ಅದೇ ಕುಲದ ಬೇರೆಯದೇ ಬಳ್ಳಿ, ಪೈಪರ್ ಲಾಂಗಮ್. ಯುರೋಪಿನ ಅಡುಗೆಮನೆಯಿಂದ ಹಿಪ್ಪಲಿ ಕಾಲಕ್ರಮದಲ್ಲಿ ಮಾಯವಾಯಿತು, ಅದರ ಹೆಸರು ಕರಿಮೆಣಸಿಗೆ ಉಳಿಯಿತು. ಆಮೇಲೆ ಅದೇ ಹೆಸರು ಮೆಣಸಿನಕಾಯಿಗೂ ಹೋಯಿತು. ನಮ್ಮಲ್ಲಿ ಹಿಪ್ಪಲಿ ಗ್ರಂಥಿಗೆ ಅಂಗಡಿಯಲ್ಲಿ ಉಳಿದುಕೊಂಡಿದೆ. ಶುಂಠಿ, ಹಿಪ್ಪಲಿ, ಮೆಣಸು ಸೇರಿದ ‘ತ್ರಿಕಟು’ವಿನ ಒಬ್ಬ ಸದಸ್ಯ ಅದು.

ಒಂದೇ ಬಳ್ಳಿ, ನಾಲ್ಕು ಬಣ್ಣ

ಕರಿಮೆಣಸು, ಬಿಳಿಮೆಣಸು, ಹಸಿರುಮೆಣಸು ಬೇರೆಬೇರೆ ಗಿಡಗಳೆಂದು ತಿಳಿದವರು ಬಹಳ ಮಂದಿ. ಮೂರೂ ಒಂದೇ ಬಳ್ಳಿಯವು. ವ್ಯತ್ಯಾಸವಿರುವುದು ಯಾವಾಗ ಕೊಯ್ದರು, ಆಮೇಲೆ ಏನು ಮಾಡಿದರು ಎಂಬುದರಲ್ಲಿ.

ಜೂನ್ ಮಳೆ ಬಿದ್ದ ಮೇಲೆ ಬಳ್ಳಿ ಚಿಗುರಿ ತೆಳ್ಳಗಿನ ತೆನೆ ಇಳಿಬಿಡುತ್ತದೆ. ಕೃಷಿಗೆ ಒಗ್ಗಿದ ಬಳ್ಳಿಗಳಲ್ಲಿ ಗಂಡು-ಹೆಣ್ಣು ಎರಡೂ ಭಾಗ ಒಂದೇ ಹೂವಿನಲ್ಲಿರುತ್ತವೆ, ಪರಾಗ ಸಾಗಲು ಮಳೆಹನಿಯ ನೆರವು ಸಿಗುತ್ತದೆ. ಮಲಬಾರಿನಲ್ಲಿ ಒಂದು ಕಥೆ ಇದೆ: ಪರಂಗಿಯವರು ಮೆಣಸಿನ ಬಳ್ಳಿಯನ್ನೇ ಒಯ್ಯುತ್ತಿದ್ದಾರೆ ಎಂದು ದೂರು ಬಂದಾಗ ಕಲ್ಲಿಕೋಟೆಯ ದೊರೆ ಸಾಮೂದಿರಿ, ಬಳ್ಳಿ ಒಯ್ಯಬಹುದು, ನಮ್ಮ ತಿರುವಾದಿರ ಮಳೆಯನ್ನು ಒಯ್ಯಲಾದೀತೇ ಎಂದನಂತೆ. ತಿರುವಾದಿರ ಎಂದರೆ ನಮ್ಮ ಆರಿದ್ರಾ. ಕಥೆ ನಿಜವೋ ಅಲ್ಲವೋ, ಅದನ್ನು ಕಟ್ಟಿದವರಿಗೆ ಬೆಳೆಯ ಗುಟ್ಟು ಗೊತ್ತಿತ್ತು. ಆರಿದ್ರಾ ಮಳೆ ಕೈಕೊಟ್ಟ ವರ್ಷ ತೆನೆಯಲ್ಲಿ ಕಾಳು ಅಲ್ಲಲ್ಲಿ ಖಾಲಿ ಬೀಳುತ್ತದೆ.

ಮಲೆನಾಡಿನಲ್ಲಿ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ತೆನೆಯಲ್ಲಿ ಒಂದೆರಡು ಕಾಳು ಹಳದಿ ಅಥವಾ ಕೆಂಪಾದಾಗ ಇಡೀ ತೆನೆಯನ್ನು ಕೀಳುತ್ತಾರೆ. ಮೊದಲೆಲ್ಲ ಕಾಲಿನಲ್ಲಿ ತುಳಿದು ಕಾಳು ಬಿಡಿಸುತ್ತಿದ್ದರು, ಈಗ ಯಂತ್ರ ಬಂದಿದೆ. ಬಿಸಿಲಿಗೆ ಹರವಿದರೆ ಹಸಿರು ಸಿಪ್ಪೆ ಕಪ್ಪಾಗುತ್ತದೆ. ಕತ್ತರಿಸಿಟ್ಟ ಬದನೆ, ಸೇಬು ಕಂದಾಗುವುದಕ್ಕೂ ಇದಕ್ಕೂ ಕಾರಣ ಒಂದೇ: ಜೀವಕೋಶ ಒಡೆದಾಗ ಸಿಪ್ಪೆಯೊಳಗಿನ ಕಿಣ್ವ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕೆಲಸ ಶುರು ಮಾಡುತ್ತದೆ. ಒಣಗಿಸುವ ಮೊದಲು ಕಾಳನ್ನು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿದರೆ ಬಣ್ಣ ಒಂದೇ ಸಮ ಬರುತ್ತದೆ, ಬೇಗ ಒಣಗುತ್ತದೆ, ಧೂಳು-ಕೊಳೆಯೂ ಹೋಗುತ್ತದೆ. ಮೂರು ಕಿಲೋ ಹಸಿಕಾಳು ಒಣಗಿದಾಗ ಕೈಗೆ ಬರುವುದು ಸುಮಾರು ಒಂದು ಕಿಲೋ ಕರಿಮೆಣಸು.

ಬಿಳಿಮೆಣಸಿಗೆ ಕಾಯಬೇಕು. ಕಾಳು ಪೂರ್ತಿ ಕೆಂಪಾಗಿ ಹಣ್ಣಾಗಲಿ, ಆಮೇಲೆ ಕೊಯ್ದು ವಾರ-ಹತ್ತು ದಿನ ನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಿಸಿ, ಕೊಳೆತ ಸಿಪ್ಪೆಯನ್ನು ಉಜ್ಜಿ ತೆಗೆದು, ಒಳಗಿನ ಬೀಜವನ್ನಷ್ಟೇ ಒಣಗಿಸಬೇಕು. ಶಿರಸಿ ಕಡೆ ಇದನ್ನು ‘ಬೋಳುಕಾಳು’ ಎನ್ನುತ್ತಾರೆ. ಸಿಪ್ಪೆ ಕಳಚಿ ಬೋಳಾದ ಕಾಳು. ಇದಕ್ಕಿಂತ ಸ್ಪಷ್ಟವಾದ ಹೆಸರು ಬೇರೆ ಯಾವ ಭಾಷೆಯಲ್ಲಿದೆಯೋ ನಾನು ಕಾಣೆ. ಪರಿಮಳದ ಎಣ್ಣೆ ಬಹಳಷ್ಟು ಇರುವುದು ಸಿಪ್ಪೆಯಲ್ಲಿ, ಖಾರ ಬೀಜದಲ್ಲಿ. ಅದಕ್ಕೇ ಬೋಳುಕಾಳಿಗೆ ಖಾರವಿದೆ, ಘಮ ಕಡಿಮೆ, ನೆನೆದ ವಾಸನೆಯೊಂದು ಜೊತೆಗೆ ಸೇರಿರುತ್ತದೆ. ಬಿಳಿ ಸಾಸ್‌ನಲ್ಲಿ ಕಪ್ಪು ಚುಕ್ಕಿ ಕಾಣಬಾರದೆಂದು ಹೋಟೆಲಿನವರು ಬಳಸುವುದು ಇದನ್ನೇ.

ಇನ್ನು ಹಸಿರು. ಎಳೆಯ ತೆನೆಗಳನ್ನು ಹಾಗೇ ಉಪ್ಪುನೀರಿನಲ್ಲಿ, ಲಿಂಬೆರಸದಲ್ಲಿ ಹಾಕಿಟ್ಟರೆ ಹಸಿ ಕಾಳುಮೆಣಸಿನ ಉಪ್ಪಿನಕಾಯಿ. ಮೊಸರನ್ನಕ್ಕೆ ಇದರ ಒಂದು ತುಂಡು ಸಾಕು. ಇದನ್ನು ತಿನ್ನದವರಿಗೆ ಮೆಣಸಿನ ಹೂವಿನಂಥ ಪರಿಮಳ ಗೊತ್ತಾಗುವುದೇ ಇಲ್ಲ. ಕೆಂಪಾದ ಕಾಳನ್ನೇ ಕೆಂಪಾಗಿ ಉಳಿಸುವುದು ಕಷ್ಟದ ಕೆಲಸ, ಅಂಗಡಿಯಲ್ಲಿ ಅಪರೂಪ.

ಗೋಣಿಚೀಲದ ಮೇಲಿನ ಹೆಸರುಗಳ ಬಗ್ಗೆಯೂ ಒಂದು ಮಾತು. ‘ಟೆಲ್ಲಿಚೆರಿ ಪೆಪ್ಪರ್’ ಎಂದು ಹೆಚ್ಚು ಬೆಲೆಗೆ ಮಾರುತ್ತಾರಲ್ಲ, ಅದು ತಳಿಯ ಹೆಸರಲ್ಲ. ತಲಶ್ಶೇರಿ ಬಂದರಿನ ಹೆಸರು ಗಾತ್ರದ ದರ್ಜೆಯಾಗಿ ನಿಂತಿದೆ: ಜರಡಿಯಲ್ಲಿ ಉಳಿಯುವ, 4.25 ಮಿಲಿಮೀಟರಿಗಿಂತ ದಪ್ಪದ ಕಾಳು. ಅದಕ್ಕಿಂತಲೂ ದಪ್ಪದ, 4.75 ಮಿಲಿಮೀಟರ್ ಮೀರಿದ ಕಾಳಿಗೆ ‘ಸ್ಪೆಷಲ್ ಎಕ್ಸ್‌ಟ್ರಾ ಬೋಲ್ಡ್’ ದರ್ಜೆ. ಸಕಲೇಶಪುರದ ತೋಟದ ಕಾಳೂ ಆ ಜರಡಿಯಲ್ಲಿ ನಿಂತರೆ ಟೆಲ್ಲಿಚೆರಿಯೇ. ತಳಿಗಳು ಬೇರೆ: ಉತ್ತರ ಕನ್ನಡದ ಮಲ್ಲಿಗೆಸರ, ಕೇರಳದ ಕರಿಮುಂಡ, ಕಣ್ಣೂರು ಜಿಲ್ಲೆಯ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಪಣ್ಣಿಯೂರು-1. ಈ ಕೊನೆಯದು ಜಗತ್ತಿನ ಮೊದಲ ಸಂಕರ ಕಾಳುಮೆಣಸು. ಉದ್ದ ತೆನೆ, ದಪ್ಪ ಕಾಳು, ಆದರೆ ಬೆಳಕು ಬೇಕು. ದಟ್ಟ ನೆರಳಿನ ತೋಟದಲ್ಲಿ ಕರಿಮುಂಡದ ಮುಂದೆ ಅದು ಸೋಲುತ್ತದೆ. ಸೊರಗುರೋಗ ತಡೆಯುವ ಗುಣಕ್ಕಾಗಿ ಬೆಳೆಸಿದ ‘ಶಕ್ತಿ’, ‘ತೇವಂ’ ತಳಿಗಳೂ ಬಂದಿವೆ. ಮಳೆಗಾಲದಲ್ಲಿ ಹಚ್ಚಗಿದ್ದ ಬಳ್ಳಿಯನ್ನು ಎರಡೇ ವಾರದಲ್ಲಿ ಬೋಳು ಮಾಡುವ ಆ ರೋಗದ ಜೀವಿಯ ಹೆಸರು ಫೈಟಾಫ್ತೊರಾ ಕ್ಯಾಪ್ಸಿಸಿ. ಮೊದಲು ಅದನ್ನು ಗುರುತಿಸಿದ್ದು ಅಮೆರಿಕದ ಮೆಣಸಿನಕಾಯಿ ಗಿಡದಲ್ಲಿ, ಅದಕ್ಕೇ ಕ್ಯಾಪ್ಸಿಕಮ್ಮಿನ ಹೆಸರು. ನೆಂಟಸ್ತಿಕೆ ಇಲ್ಲದ ಎರಡು ಗಿಡಗಳಿಗೆ ಹೆಸರಿನ ಜೊತೆ ಶತ್ರುವೂ ಒಬ್ಬನೇ.

ಇಂದು ಭಾರತದಲ್ಲಿ ಕಾಳುಮೆಣಸು ಬೆಳೆಯುವುದರಲ್ಲಿ ಕೇರಳವನ್ನು ಕರ್ನಾಟಕ ಹಿಂದೆ ಹಾಕಿದೆ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ನೆರಳಿಗೆಂದು ನೆಟ್ಟ ಸಿಲ್ವರ್ ಓಕ್ ಮರಗಳೇ ಬಳ್ಳಿಗೆ ಆಸರೆ. ಜಗತ್ತಿಗೇ ಮೊದಲ ಸ್ಥಾನ ಮಾತ್ರ ವಿಯೆಟ್ನಾಮಿನದು. ಆದರೆ ನಮ್ಮ ನೆಲಕ್ಕೆ ಈ ವ್ಯಾಪಾರ ಹೊಸದಲ್ಲ. ಕ್ರಿ.ಪೂ. 1213ರಲ್ಲಿ ತೀರಿಕೊಂಡ ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್‌ನ ಮಮ್ಮಿಯ ಮೂಗಿನಲ್ಲಿ ಕಾಳುಮೆಣಸು ಸಿಕ್ಕಿದೆ. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ದೇವಾಲಯದಲ್ಲಿ ಭಾರತದ ಮಣ್ಣಿನ ಹೂಜಿಯೊಳಗೆ 7.5 ಕಿಲೋ ಕಾಳುಮೆಣಸು ದೊರೆಯಿತು. ಕ್ರಿ.ಶ. 408ರಲ್ಲಿ ರೋಮನ್ನು ಮುತ್ತಿದ ಗಾಥ್ ಜನರ ದೊರೆ ಅಲಾರಿಕ್ ಹಿಂದೆ ಸರಿಯಲು ಕೇಳಿದ ಕಪ್ಪದಲ್ಲಿ ಚಿನ್ನ-ಬೆಳ್ಳಿಗಳ ಜೊತೆ 3,000 ಪೌಂಡ್ ಮೆಣಸೂ ಇತ್ತು. ಇನ್ನು ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿ: 1552ರಿಂದ 1606ರವರೆಗೆ, 54 ವರ್ಷ ಆಳಿದ ಆಕೆಯನ್ನು ಪೋರ್ಚುಗೀಸರು ‘ರೈನಾ ದ ಪಿಮೆಂತಾ’, ಮೆಣಸಿನ ರಾಣಿ, ಎಂದು ಕರೆದರು. ಹೊನ್ನಾವರ, ಭಟ್ಕಳದ ಬಂದರುಗಳಿಂದ ಹೋಗುತ್ತಿದ್ದ ಮೆಣಸು ಆಕೆಯ ಹಿಡಿತದಲ್ಲಿತ್ತು. ಅತ್ತ ಅದೇ ಹಡಗಿನವರು ತಂದ ಮೆಣಸಿನಕಾಯಿ ಆಕೆಯ ಕಾಲದಲ್ಲೇ ಈ ಕರಾವಳಿಯಲ್ಲಿ ಬೇರುಬಿಡುತ್ತಿತ್ತು ಎಂದು ನೆನೆದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಕಾಯಿಯ ಕಡೆ

ಮೆಣಸಿನಕಾಯಿಯಲ್ಲಿ ಮನುಷ್ಯ ಪಳಗಿಸಿದ ಜಾತಿಗಳು ಐದು. ನಮ್ಮ ಹೊಲದ ಬಹುಪಾಲು ಒಂದೇ ಜಾತಿಗೆ, ಕ್ಯಾಪ್ಸಿಕಮ್ ಆನುಯಮ್‌ಗೆ, ಸೇರಿದ್ದು. ಬ್ಯಾಡಗಿ, ಗುಂಟೂರು, ಬಜ್ಜಿ ಮೆಣಸಿನಕಾಯಿ, ದೊಣ್ಣೆ ಮೆಣಸಿನಕಾಯಿ ಎಲ್ಲ ಒಂದೇ ಜಾತಿಯ ಮಕ್ಕಳು. ಗಾಂಧಾರಿ ಅಥವಾ ಸೂಜಿಮೆಣಸು ಇನ್ನೊಂದು ಜಾತಿ. ಮೂರನೆಯದಕ್ಕೆ ‘ಚೈನೀಸ್’ ಎಂಬರ್ಥದ ಹೆಸರಿದೆ: 1776ರಲ್ಲಿ ಜಾಕ್ವಿನ್ ಎಂಬ ಸಸ್ಯವಿಜ್ಞಾನಿ ಅದು ಚೀನಾದ್ದೆಂದು ತಿಳಿದು ಹಾಗೆ ಹೆಸರಿಟ್ಟ. ಅದೂ ಅಮೆರಿಕದ್ದೇ. ತಪ್ಪು ತಿಳಿದರೂ ಶಾಸ್ತ್ರದ ನಿಯಮದ ಪ್ರಕಾರ ಮೊದಲ ಹೆಸರೇ ಉಳಿಯಿತು. ಹೆಸರಿನ ವಿಷಯದಲ್ಲಿ ಮೆಣಸಿಗೆ ವಿಜ್ಞಾನಿಗಳಿಂದಲೂ ನ್ಯಾಯ ಸಿಕ್ಕಿಲ್ಲ.

ಅಡುಗೆಯವರಿಗೆ ಮುಖ್ಯವಾದ ವ್ಯತ್ಯಾಸ ಬಣ್ಣ ಮತ್ತು ಖಾರದ್ದು. ಇವೆರಡೂ ಬೇರೆಬೇರೆ ರಾಸಾಯನಿಕಗಳ ಕೆಲಸ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ, 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಮೆಣಸಿನಕಾಯಿ ಬಣ್ಣಕ್ಕೆ ಹೆಸರುವಾಸಿ, ಖಾರ ಕಡಿಮೆ. ಅದರಲ್ಲೂ ಎರಡು ಬಗೆ: ಗಿಡ್ಡಗೆ, ದುಂಡಗೆ, ಬೀಜ ತುಂಬಿದ ‘ಡಬ್ಬಿ’; ಉದ್ದಕ್ಕೆ, ಸಣ್ಣಗೆ, ಸುಕ್ಕುಗಟ್ಟಿದ ‘ಕಡ್ಡಿ’. ಬಿಸಿಬೇಳೆಬಾತಿಗೂ ಮಂಗಳೂರಿನ ಗಸಿಗೂ ಆ ದಟ್ಟ ಕೆಂಪು ಬೇಕೆಂದರೆ ಬ್ಯಾಡಗಿ, ಅದರ ಜೊತೆ ಖಾರಕ್ಕೆ ಎರಡು ಗುಂಟೂರು. ಹಂಗೆರಿಯ ‘ಪಪ್ರಿಕ’ ಕೂಡ ಇದೇ ತತ್ವದ್ದು, ಬಣ್ಣ ಹೆಚ್ಚು, ಖಾರ ಕಡಿಮೆ. ಆ ಹೆಸರನ್ನು ಬಿಡಿಸಿದರೆ ಸ್ಲಾವ್ ಭಾಷೆಗಳ ‘ಪಪರ್’, ಅಂದರೆ ಮತ್ತೆ ಕಾಳುಮೆಣಸು. ದೊಣ್ಣೆ ಮೆಣಸಿನಕಾಯಿಯಲ್ಲಿ ಖಾರದ ರಾಸಾಯನಿಕ ತಯಾರಿಸುವ ಜೀನ್ ಕೆಲಸ ಮಾಡುವುದಿಲ್ಲ, ಹಾಗಾಗಿ ಖಾರ ಸೊನ್ನೆ. ಹಸಿರು, ಹಳದಿ, ಕೆಂಪು ಎಂದು ಬೇರೆಬೇರೆ ಬೆಲೆಗೆ ಮಾರುವುದರಲ್ಲಿ ಹಸಿರು ಎಂದರೆ ಇನ್ನೂ ಹಣ್ಣಾಗದ ಕಾಯಿ.

ಈಗ ಉರಿಯ ಕಥೆ. ಖಾರ ಒಂದು ರುಚಿಯಲ್ಲ. ಸಿಹಿ-ಹುಳಿಯಂತೆ ನಾಲಿಗೆಯ ರುಚಿಮೊಗ್ಗುಗಳು ಹೇಳುವ ಸಂಗತಿಯಲ್ಲ. ಬಾಯಿ, ಕಣ್ಣು, ಚರ್ಮದ ನರಗಳ ತುದಿಯಲ್ಲಿ ಸುಡುವ ಬಿಸಿಯನ್ನು ಗುರುತಿಸುವ ಬಾಗಿಲೊಂದಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅದು ತೆರೆದು, ಸುಡುತ್ತಿದೆ ಎಂದು ಮೆದುಳಿಗೆ ಸುದ್ದಿ ಕಳಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಆ ಬಾಗಿಲಿಗೆ ಕೂರುವ ಕಳ್ಳಕೀಲಿ. ಬಿಸಿಯಿಲ್ಲದಿದ್ದರೂ ಬಾಗಿಲು ತೆರೆಯುತ್ತದೆ, ನಾವು ಬೆವರುತ್ತೇವೆ. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಈ ಬಾಗಿಲನ್ನು ಪತ್ತೆ ಮಾಡಿತು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಕಾಳುಮೆಣಸಿನ ಪೈಪರಿನ್ ಬೇರೆಯದೇ ರಾಸಾಯನಿಕ, ಆದರೆ ಅದೂ ಇದೇ ಬಾಗಿಲನ್ನು ತಟ್ಟುತ್ತದೆ, ಬಹಳ ಮೆಲ್ಲಗೆ. ಕೊಲಂಬಸನೂ ನಮ್ಮ ಕರಾವಳಿಯ ಅಜ್ಜಿಯರೂ ಎರಡಕ್ಕೂ ಒಂದೇ ಹೆಸರಿಟ್ಟದ್ದು ಸಸ್ಯಶಾಸ್ತ್ರದಲ್ಲಿ ತಪ್ಪು, ನರಶಾಸ್ತ್ರದಲ್ಲಿ ಸರಿ.

ಎರಡರ ಬಲದ ಅಂತರ ದೊಡ್ಡದು. 1912ರಲ್ಲಿ ವಿಲ್ಬರ್ ಸ್ಕೊವಿಲ್ ಎಂಬ ಔಷಧಶಾಸ್ತ್ರಜ್ಞ ಒಂದು ಅಳತೆ ಮಾಡಿದ: ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ಎಷ್ಟು ಪಟ್ಟು ತೆಳುವಾಗಿಸಿದರೆ ರುಚಿ ನೋಡುವವರಿಗೆ ಖಾರ ತಿಳಿಯುವುದಿಲ್ಲ? ಆ ಲೆಕ್ಕದಲ್ಲಿ ಶುದ್ಧ ಕ್ಯಾಪ್ಸೈಸಿನ್ ಸುಮಾರು 1 ಕೋಟಿ 60 ಲಕ್ಷ, ಪೈಪರಿನ್ 1 ಲಕ್ಷದ ಆಸುಪಾಸು. ಈಶಾನ್ಯ ಭಾರತದ ಭೂತ್ ಜೊಲೊಕಿಯಾ 10 ಲಕ್ಷ ದಾಟಿ 2007ರಲ್ಲಿ ಗಿನ್ನೆಸ್ ದಾಖಲೆ ಮಾಡಿತು. ಈ ಪೈಪೋಟಿ ಆಮೇಲೆ 26 ಲಕ್ಷವನ್ನೂ ಮೀರಿ ಹೋಗಿದೆ; ಅದರಲ್ಲಿ ನನಗೆ ಆಸಕ್ತಿಯಿಲ್ಲ, ಅಷ್ಟು ಖಾರದಲ್ಲಿ ಊಟದ ಸುಖ ಉಳಿಯುವುದಿಲ್ಲ.

ಅಡುಗೆಗೆ ಉಪಯೋಗವಾಗುವ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಖಾರ ಬೀಜದಲ್ಲಿದೆ ಎಂದು ಬೀಜ ಉದುರಿಸುತ್ತೇವೆ. ಕ್ಯಾಪ್ಸೈಸಿನ್ ತಯಾರಾಗುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ, ಬೀಜಕ್ಕೆ ಅದು ತಗಲಿರುತ್ತದೆ ಅಷ್ಟೇ. ಖಾರ ಕಡಿಮೆ ಮಾಡಬೇಕೆಂದರೆ ಆ ಬಿಳಿ ಎಳೆಗಳನ್ನು ಕೆರೆದು ತೆಗೆಯಬೇಕು. ಇನ್ನೊಂದು, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಬಾಯಿ ಉರಿದಾಗ ನೀರು ಕುಡಿದರೆ ಉರಿ ಬಾಯಿ ತುಂಬ ಹರಡುತ್ತದೆ. ಹಾಲು, ಮೊಸರು, ತುಪ್ಪ ಕೆಲಸ ಮಾಡುತ್ತವೆ. ಊಟದ ಕೊನೆಗೆ ಮೊಸರನ್ನ ಇಟ್ಟ ಹಿರಿಯರ ಲೆಕ್ಕ ಸರಿಯಾಗಿಯೇ ಇದೆ.

ಹೆಸರು ಮಾತ್ರ ಹಂಚಿಕೊಂಡವು

ಖಾರವಿದ್ದದ್ದಕ್ಕೆಲ್ಲ ಮೆಣಸಿನ ಹೆಸರಿಡುವ ಅಭ್ಯಾಸ ಇಷ್ಟಕ್ಕೇ ನಿಲ್ಲಲಿಲ್ಲ. ಬಾಲಮೆಣಸು ನಿಜವಾದ ನೆಂಟ. ಜಾವಾ ಕಡೆಯ ಪೈಪರ್ ಕುಲದ ಬಳ್ಳಿ, ಕಾಳಿಗೆ ತೊಟ್ಟು ಬಾಲದಂತೆ ಅಂಟಿಕೊಂಡಿರುತ್ತದೆ. ಪಿಂಕ್ ಪೆಪ್ಪರ್ ಎಂದು ಗಾಜಿನ ಸೀಸೆಯಲ್ಲಿ ಬರುವ ಗುಲಾಬಿ ಕಾಳು ದಕ್ಷಿಣ ಅಮೆರಿಕದ ಮರದ್ದು, ಮಾವು-ಗೇರುಗಳ ಕುಟುಂಬಕ್ಕೆ ಸೇರಿದ್ದು. ಗೇರುಬೀಜ ಒಗ್ಗದವರು ಇದರಿಂದಲೂ ದೂರವಿರುವುದು ಕ್ಷೇಮ. ಆಲ್‌ಸ್ಪೈಸ್ ಎಂಬ ಕೆರಿಬಿಯನ್ ಕಾಳಿಗೂ ಸ್ಪೇನಿನವರು ಇಟ್ಟದ್ದು ಮೆಣಸಿನ ಹೆಸರನ್ನೇ.

ಚೀನಾದ ಸಿಚುವಾನ್ ಪೆಪ್ಪರ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅದರ ತಮ್ಮ ನಮ್ಮ ಕರಾವಳಿಯಲ್ಲೇ ಇದ್ದಾನೆ. ಅದು ಕಾಳುಮೆಣಸಲ್ಲ, ಮೆಣಸಿನಕಾಯಿಯೂ ಅಲ್ಲ; ಲಿಂಬೆ-ಕಿತ್ತಳೆಗಳ ಕುಟುಂಬದ ಮುಳ್ಳುಮರದ ಒಣ ಸಿಪ್ಪೆ. ತಿಂದರೆ ಉರಿಯುವುದಿಲ್ಲ, ತುಟಿ ಜುಮ್ಮೆಂದು ಕಂಪಿಸುತ್ತದೆ. ಅದೇ ಕುಲದ ಪಶ್ಚಿಮಘಟ್ಟದ ಮರವೇ ಜುಮ್ಮನಕಾಯಿ. ಕೊಂಕಣಿಯಲ್ಲಿ ತೆಪ್ಪಲ್ ಅಥವಾ ತಿರ್ಫಳ. ಬಂಗುಡೆ ಸಾರಿಗೆ ನಾಲ್ಕು ಜಜ್ಜಿ ಹಾಕಿದರೆ ಮೀನಿನ ವಾಸನೆ ಹೋಗಿ ಬೇರೊಂದು ಲೋಕ ತೆರೆಯುತ್ತದೆ. ಕನ್ನಡ ಇಲ್ಲಿ ಮೆಣಸಿನ ಹೆಸರನ್ನು ಎಳೆದು ತರಲಿಲ್ಲ. ಬಾಯಿಗೆ ಆದದ್ದನ್ನೇ ಹೆಸರಾಗಿಸಿತು. ನಮ್ಮ ಬೀದಿಬದಿಯ ‘ಶೆಜ್ವಾನ್ ಸಾಸ್’ನಲ್ಲಿ ಮಾತ್ರ ಸಾಮಾನ್ಯವಾಗಿ ಸಿಚುವಾನ್ ಪೆಪ್ಪರ್ ಇರುವುದೇ ಇಲ್ಲ, ಬೆಳ್ಳುಳ್ಳಿ ಮತ್ತು ಕೆಂಪು ಮೆಣಸಿನಕಾಯಿ ಅಷ್ಟೇ.

ಈ ಹೆಸರು ಅತಿ ದೂರ ಪ್ರಯಾಣ ಮಾಡಿದ್ದು ಮಕ್ಕಳ ಕೈಗೆ. ಖಾರವೆನಿಸುವ ಒಂದು ಬಗೆಯ ಪುದೀನಕ್ಕೆ ಇಂಗ್ಲಿಷರು ‘ಪೆಪ್ಪರ್‌ಮಿಂಟ್’ ಎಂದರು. ಅದರ ಸತ್ವ ಹಾಕಿದ ಸಕ್ಕರೆ ಬಿಲ್ಲೆ ಇಲ್ಲಿಗೆ ಬಂತು. ಕನ್ನಡದಲ್ಲಿ ಅದು ‘ಪೆಪ್ಪರ್‌ಮೆಂಟು’ ಆಗಿ, ಪುದೀನ ಇರಲಿ ಬಿಡಲಿ, ಅಂಗಡಿಯ ಡಬ್ಬದಲ್ಲಿರುವ ಎಲ್ಲ ಸಿಹಿಗೂ ಹೆಸರಾಯಿತು. ಸಂಸ್ಕೃತದ ಪಿಪ್ಪಲಿಯಿಂದ ಹೊರಟ ಪದ ಗ್ರೀಸು, ರೋಮು, ಇಂಗ್ಲೆಂಡು ಸುತ್ತಿ ಹುಟ್ಟೂರಿಗೆ ಮರಳಿದಾಗ ಅದರಲ್ಲಿ ಖಾರದ ಹನಿಯೂ ಉಳಿದಿರಲಿಲ್ಲ.

ಹೆಸರು ತಪ್ಪಿದರೆ ಏನಾಗುತ್ತದೆ

ಒಂದರ ಬದಲು ಇನ್ನೊಂದು ಹಾಕಿದರೆ ಸಾರಿನ ರುಚಿ ಕೆಡುತ್ತದೆ, ಅದು ಸಣ್ಣ ನಷ್ಟ. ಕಷಾಯದಲ್ಲಿ ಹಾಗಲ್ಲ. ಹಳೆಯ ವೈದ್ಯದ ಪುಸ್ತಕದಲ್ಲಿ ‘ಮೆಣಸು’ ಎಂದಿದ್ದರೆ ಅದು ಕಾಳುಮೆಣಸೇ. ಪುಸ್ತಕದ ಮೂಲ 16ನೇ ಶತಮಾನಕ್ಕಿಂತ ಹಿಂದಿನದಾದರೆ ಬೇರೆ ಸಾಧ್ಯತೆಯೇ ಇಲ್ಲ. ಪೈಪರಿನ್ ಮಾಡುವ ಕೆಲಸವನ್ನು ಕ್ಯಾಪ್ಸೈಸಿನ್ ಮಾಡುವುದೂ ಇಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಅರಿಶಿನದ ಆ ಸತ್ವ ರಕ್ತ ಸೇರುವ ಪ್ರಮಾಣ ಶೇ 2,000ದಷ್ಟು ಏರಿತ್ತು. ಸಂಖ್ಯೆ ದೊಡ್ಡದಾಗಿ ಕಾಣುವುದಕ್ಕೆ ಕಾರಣವೂ ಇದೆ: ಕರ್ಕ್ಯುಮಿನ್ ಒಂಟಿಯಾಗಿ ಬಹಳ ಕಡಿಮೆ ಹೀರಲ್ಪಡುತ್ತದೆ. ಪೈಪರಿನ್ ಕರುಳು ಮತ್ತು ಯಕೃತ್ತಿನಲ್ಲಿ ಅದನ್ನು ಹೊರದೂಡುವ ವ್ಯವಸ್ಥೆಯನ್ನು ತಡೆಯುತ್ತದೆ. ಅದೇ ರೀತಿ ಕೆಲವು ಮಾತ್ರೆಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಅಡುಗೆಯ ಚಿಟಿಕೆ ಮೆಣಸಿಗೆ ಹೆದರಬೇಕಿಲ್ಲ. ಪೈಪರಿನ್ ಸಾರದ ಗುಳಿಗೆ ತೆಗೆದುಕೊಳ್ಳುವವರು ಮಾತ್ರ ವೈದ್ಯರಿಗೆ ಮೊದಲೇ ಹೇಳಬೇಕು.

ಕೊಳ್ಳುವಾಗ ಪುಡಿ ಬೇಡ, ಕಾಳು ಕೊಳ್ಳಿ. ಪುಡಿ ಮಾಡಿದ ಕ್ಷಣದಿಂದ ಪರಿಮಳ ಹಾರತೊಡಗುತ್ತದೆ, ಬೆಳಕಿನಲ್ಲಿಟ್ಟರೆ ಪೈಪರಿನ್ ರೂಪ ಬದಲಿಸಿ ಖಾರವೂ ಇಳಿಯುತ್ತದೆ. ಒಂದು ಹಿಡಿ ಕಾಳನ್ನು ನೀರಿಗೆ ಹಾಕಿ ನೋಡಿ: ಬಲಿತ ಕಾಳು ತಳ ಸೇರುತ್ತದೆ, ಜೊಳ್ಳು ಮತ್ತು ಕಲಬೆರಕೆಯ ಪಪ್ಪಾಯಿ ಬೀಜ ತೇಲುತ್ತವೆ.

ನಮ್ಮ ಮನೆಯಲ್ಲಿ ವರ್ಷಕ್ಕೆ ಒಂದು ದಿನ, ಮಾವನವರ ತಿಥಿಯ ದಿನ, ಅತ್ತೆ ಮೆಣಸಿನ ಡಬ್ಬಿಯನ್ನು ಅಡುಗೆಮನೆಯಿಂದಲೇ ಹೊರಗಿಡುತ್ತಾರೆ. ಅಂದು ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ, ಮೆಣಸಿನಕಾಯಿ ಇಲ್ಲ. ಹಡಗಿನಲ್ಲಿ ಬಂದದ್ದು ಯಾವುದೂ ಆ ಎಲೆಗೆ ಬೀಳುವುದಿಲ್ಲ. ಸಾರಿಗೂ ಪಲ್ಯಕ್ಕೂ ಒಳ್ಳೆಮೆಣಸನ್ನೇ ಕುಟ್ಟಿ ಹಾಕುತ್ತಾರೆ. ಕುಟ್ಟುವ ಕೆಲಸ ಈಗ ನನ್ನದು. ಕಲ್ಲಿನ ಮೇಲೆ ಕಾಳು ಒಡೆದಾಗ ಏಳುವ ಆ ಘಾಟಿಗೆ ಮೊದಲು ಸೀನುವವರು ಪಕ್ಕದಲ್ಲಿ ಬಾಳೆಲೆ ಒರೆಸುತ್ತಾ ಕೂತ ಅತ್ತೆ.